ಮೂರು ಕಾಲಂ, ಏಳು ಡಬ್ಬಿ

ಜುಲೈ ಹದಿಮೂರು, ಭಾನುವಾರ. ಬೆಳಗಿನಿಂದ ಮೋಡ. ಒಗೆದ ಬಟ್ಟೆಯನ್ನು ಮಹಡಿಯ ಮೇಲೆ ಹಾಕುವುದೋ ಒಳಗೇ ಹಾಕುವುದೋ ಎಂದು ಬೀದಿಯೆಲ್ಲ ಆಕಾಶ ನೋಡುತ್ತಿದ್ದ ದಿನ.

ಕಡಿಮೆ ಮಾತಿನವರಿಗೆ ಇಂಥವು ಆಗುತ್ತಲೇ ಇರುತ್ತವೆ. "ಆಗಲ್ಲ" ಎನ್ನುವುದಕ್ಕೆ ಒಂದು ಮರ್ಯಾದೆಯ ಮಾತು ಹುಡುಕುತ್ತಿರುವಾಗಲೇ ಎದುರಿನವರು "ಥ್ಯಾಂಕ್ಸ್ ಸಾರ್" ಎಂದು ಎದ್ದು ಹೋಗಿರುತ್ತಾರೆ. ಬಸವೇಶ್ವರನಗರದ ನಮ್ಮ ಬೀದಿಗಳ ನಿವಾಸಿ ಸಂಘದ ವೆಬ್‌ಸೈಟು ನನ್ನ ತಲೆಗೆ ಬಂದದ್ದೂ ಹೀಗೆಯೇ.

ಮೂರು ಕಾಲಂ

ನಾನು ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ಕನ್ನಡ ವೆಬ್‌ಸೈಟುಗಳ ಪುಟ ಕಟ್ಟುವ ಕೆಲಸದಲ್ಲಿದ್ದೇನೆ. ಅವತ್ತು ಸಂಘದ ಕಾರ್ಯದರ್ಶಿಗಳು ಕೊಡೆ ಹಿಡಿದು ಮನೆಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದವರು. ಪ್ರತಿ ವರ್ಷ ರಾಜ್ಯೋತ್ಸವದ ದಿನ ಸಂಘದಿಂದ ಪ್ರಶಸ್ತಿ ಕೊಡುವ ಪದ್ಧತಿ ಶುರು ಮಾಡಿದವರು ಇವರೇ. ರಂಗೋಲಿಗೆ, ಕೈತೋಟಕ್ಕೆ, ಸಮಾಜಸೇವೆಗೆ, ಹೀಗೆ.

"ನಮ್ ಖಜಾಂಚಿ ಪ್ರಶಸ್ತಿ ನಿಲ್ಸಿ, ಆ ದುಡ್ಡಲ್ಲಿ ಬೀದಿಗೆ ಕ್ಯಾಮೆರಾ ಹಾಕ್ಸಿ ಅಂತಾನೆ ಸಾರ್. ಆಗಸ್ಟಲ್ಲಿ ಮಹಾಸಭೆ ಇದೆ. ಅಲ್ಲಿ ಈ ಮಾತು ಎತ್ತೇ ಎತ್ತುತ್ತಾನೆ."

ಖಜಾಂಚಿ ಎಂದರೆ ಮೂಲೆಯ ಹಾರ್ಡ್‌ವೇರ್ ಅಂಗಡಿಯವರು.

"ಅವನ ವಾದ ಏನಪ್ಪಾ ಅಂದ್ರೆ, ವೆಬ್‌ಸೈಟಲ್ಲಿ ಬರೀ ಹೆಸರಿದೆ, ಯಾಕೆ ಕೊಟ್ರಿ, ಹೇಗೆ ಕೊಟ್ರಿ, ಏನೂ ಇಲ್ಲ ಅಂತ."

ನಾನು ಪುಟ ತೆರೆದು ನೋಡಿದೆ. ಖಜಾಂಚಿ ಹೇಳಿದ್ದು ನಿಜ. ಹೆಸರು, ವರ್ಷ, ಪಕ್ಕದಲ್ಲಿ ಎರಡು ಗುಲಾಬಿ ಹೂವಿನ ಚಿತ್ರ. ಮಸಾಲೆ ದೋಸೆಯ ದರಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚು ವಿವರ ಇರುತ್ತದೆ.

"ಮೂರು ಕಾಲಂ ಹಾಕೋಣ," ಎಂದೆ. "ಸ್ಪರ್ಧಿಗಳು ಎಷ್ಟು ಜನ, ತೀರ್ಪುಗಾರರು ಯಾರು, ಯಾಕೆ ಕೊಟ್ಟದ್ದು. ಜೊತೆಗೆ ಒಂದು ಫೋಟೋ."

ಅವರ ಮುಖ ಅರಳಿತು. "ಹಾಕಿ ಸಾರ್, ಹಾಕಿ. ಯಾಕೆ ಕೊಟ್ವಿ ಅಂತ ನಮಗೂ ಗೊತ್ತಾಗ್ಲಿ."

ಅವರು ಹೋದ ಮೇಲೆ ಹೆಂಡತಿ ಕಾಫಿ ಲೋಟ ಎತ್ತಿಕೊಳ್ಳುತ್ತಾ ಕೇಳಿದಳು. "ಎಷ್ಟು ಕೊಡ್ತಾರಂತೆ?"

"ನೋಡ್ಕೋತೀವಿ ಅಂದ್ರು."

"ನೋಡ್ಕೋತಾರೆ," ಎಂದಳು ಅವಳು. "ನಾವೂ ನೋಡ್ಕೊಂಡು ಕೂತಿರೋಣ."

ಸಮಾಜ ರತ್ನ

ಮೊದಲು ಹುಡುಕಿಕೊಂಡು ಹೋದದ್ದು ಸಮಾಜಸೇವೆಯ ಪ್ರಶಸ್ತಿ ಪಡೆದ ಒಬ್ಬ ಸಮಾಜ ರತ್ನರನ್ನು. ಇರುವುದು ಬ್ಯಾಡರಹಳ್ಳಿಯ ಕಡೆ. ಅಲ್ಲಿನ ಹಳೆಯ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ, ಕೆಳಗೆ ಬೇಕರಿ. ಯಜಮಾನರು ಬೇಕರಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಿಳೀ ಪಂಚೆ, ಬಿಳೀ ಶರ್ಟು, ಬಿಳೀ ಮೀಸೆ. ನೋಡಿದವರಿಗೆ ಕೈಮುಗಿಯಬೇಕು ಅನ್ನಿಸುವ ಆಳು.

"ನಿಮಗೆ ಸಮಾಜ ರತ್ನ ಯಾಕೆ ಕೊಟ್ಟದ್ದು ಅಂತ ಬರೀಬೇಕಿತ್ತು."

"ಅದನ್ನ ನಾನೂ ಯಾರ್ನಾದ್ರೂ ಕೇಳ್ಬೇಕು ಅಂತಿದ್ದೆ ಕಣಪ್ಪ," ಎಂದರು. "ನಾನು ಅವತ್ತು ಹೋಗಿದ್ದು ನಮ್ಮೋರ ಮಗಳ ನಿಶ್ಚಿತಾರ್ಥಕ್ಕೆ. ಅದೇ ಛತ್ರ. ಕೆಳಗಡೆ ನಿಶ್ಚಿತಾರ್ಥ, ಮೇಲ್ಗಡೆ ನಿಮ್ಮ ಫಂಕ್ಷನ್ನು. ನಂಗೇನು ಗೊತ್ತು? ಮೆಟ್ಲು ಕಂಡಿತು, ಹತ್ತಿದೆ. ಬಾಗಿಲಲ್ಲೇ ಒಬ್ರು 'ಬನ್ನಿ ಬನ್ನಿ, ನಿಮಗೇ ಕಾಯ್ತಾ ಇದ್ವಿ' ಅಂತ ಕೈ ಹಿಡ್ಕೊಂಡೋಗಿ ವೇದಿಕೆ ಮೇಲೆ ಕೂರ್ಸಿದ್ರು. ಗಂಡಿನ ಕಡೆಯೋರು ಭಾಳ ಮರ್ಯಾದಸ್ತರು ಅಂದ್ಕೊಂಡೆ."

"ಶಾಲು ಹೊದಿಸುವಾಗಲೂ ಗೊತ್ತಾಗಲಿಲ್ವಾ?"

"ಪೇಟ ಇಟ್ಟಾಗ ಸ್ವಲ್ಪ ಅನುಮಾನ ಬಂತು. ಅಷ್ಟೊತ್ತಿಗೆ ಫೋಟೋದೋನು 'ಈ ಕಡೆ ನೋಡಿ ಸಾರ್' ಅಂದ. ವೇದಿಕೆ ಮೇಲೆ ಕೂತ್ಮೇಲೆ ಬ್ಯಾಡ ಅನ್ನಕ್ಕಾಗ್ತದಾ?"

ಕಾರ್ಯದರ್ಶಿಗಳಿಗೆ ಫೋನ್ ಮಾಡಿ ನಿಜವಾದ ಸಮಾಜ ರತ್ನರು ಅವತ್ತು ಎಲ್ಲಿದ್ದರು ಎಂದು ಕೇಳಿದೆ.

"ಕೆಳಗಡೆ ಊಟ ಮಾಡಿ, ಹುಡುಗಿಗೆ ಮುಯ್ಯಿ ಕೊಟ್ಟು ಹೊರಟು ಹೋದ್ರಂತೆ ಸಾರ್. ಪ್ರಶಸ್ತಿ ಇನ್ನೂ ಕೊಟ್ಟಿಲ್ಲ ಅಂತ ಈಗ್ಲೂ ನನ್ನತ್ರ ಮಾತಾಡಲ್ಲ."

ಹೊರಡುವಾಗ ಯಜಮಾನರು ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಟ್ಟರು. "ಯಾಕೆ ಕೊಟ್ರು ಅನ್ನೋ ಜಾಗದಲ್ಲಿ, ಮಹಡಿ ತಪ್ಪಿದ್ದಕ್ಕೆ ಅಂತ ಬರ್ಕೊಳಪ್ಪ. ಸುಳ್ಳು ಯಾಕೆ?"

ಗೆದ್ದ ಕುಂಡ

ಕೈತೋಟದ ಪ್ರಶಸ್ತಿ ಸುಲಭ ಎಂದುಕೊಂಡಿದ್ದೆ. ಮೂರು ವರ್ಷ, ಮೂರು ಬೇರೆ ಬೇರೆ ಮನೆ, ಮೂರಕ್ಕೂ ಫೋಟೋ ಇತ್ತು. ಒಂದರ ಕೆಳಗೆ ಒಂದು ಜೋಡಿಸಿ ನೋಡಿದೆ. ಚೆನ್ನಾಗಿಯೇ ಕಾಣುತ್ತಿತ್ತು. ಮತ್ತೆ ನೋಡಿದೆ. ಮೂರು ಮಹಡಿಗಳ ಮೇಲೂ ಮೈತುಂಬ ಹೂ ಬಿಟ್ಟ ಒಂದೊಂದು ಕೆಂಪು ದಾಸವಾಳ. ಮೂರು ಕುಂಡಗಳಿಗೂ ಬಾಯಿಯ ಹತ್ತಿರ ಒಂದೇ ಕಡೆ ಚಕ್ಕೆ ಎದ್ದಿತ್ತು.

ಮೂರನೇ ವರ್ಷ ಗೆದ್ದವರ ಮನೆಗೆ ಹೋದೆ. ಗೃಹಿಣಿ ನಗುತ್ತಲೇ ಬಾಗಿಲು ತೆಗೆದರು. ನಾನು ಫೋಟೋ ತೋರಿಸಿದೆ. ನಗು ನಿಂತಿತು.

"ಆ ಕುಂಡ ನಮ್ಮದಲ್ಲ ಸಾರ್. ತೀರ್ಪುಗಾರರು ಬರೋ ದಿನ ಮಾತ್ರ ತಂದಿಟ್ಟಿದ್ವಿ."

"ಯಾರದ್ದು?"

"ಖಜಾಂಚಿಯವರ ಮನೇದು. ಅವರ ಮನೆಯವರು ಪಾಪ, ಯಾರು ಕೇಳಿದ್ರೂ ಇಲ್ಲ ಅನ್ನಲ್ಲ. ಬೆಳಿಗ್ಗೆನೇ ಆಟೋ ಹತ್ತಿಸಿ ಕಳಿಸ್ತಾರೆ."

"ಅವರೇ ಯಾಕೆ ಸ್ಪರ್ಧಿಸಲ್ಲ?"

"ಮೂರು ವರ್ಷಾನೂ ಹೆಸರು ಕೊಟ್ಟಿದ್ರು ಸಾರ್. ಆದ್ರೆ ಅವತ್ತೇ ಕುಂಡ ಮನೇಲಿ ಇರ್ತಿರ್ಲಿಲ್ಲ ನೋಡಿ."

ಕಾರ್ಯದರ್ಶಿಗಳಿಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಅವನಿಗೆ ಕ್ಯಾಮೆರಾ ಬೇಕಾಗಿರೋದು ಕಳ್ಳರಿಗಲ್ಲ ಸಾರ್. ಆ ಕುಂಡ ಎಲ್ಲಿ ಹೋಗ್ತದೆ ಅಂತ ನೋಡ್ಬೇಕು ಅವನಿಗೆ."

ರಂಗೋಲಿ ಆಂಟಿ

ನಮ್ಮ ಎದುರು ಮನೆಯ ಆಂಟಿ ದಾವಣಗೆರೆ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದು ಮೊಮ್ಮಕ್ಕಳಾದರೂ ಬೆಳಗಿನ ವಿಭೂತಿ ಮತ್ತು ದನಿ ಎರಡೂ ಅಲ್ಲಿಯವೇ. ರಂಗೋಲಿಯ ಮೊದಲ ಬಹುಮಾನ ಆರು ವರ್ಷದಿಂದ ಅವರದ್ದೇ. ಅವರನ್ನು ಕೊನೆಗೆ ಇಟ್ಟುಕೊಂಡಿದ್ದೆ.

"ಆಂಟಿ, ಸ್ಪರ್ಧಿಗಳು ಎಷ್ಟು ಜನ ಇದ್ರು ಅಂತ ಬರೀಬೇಕು."

"ಬೇಕಾದಷ್ಟು ಮಂದಿ."

"ಅಂದ್ರೆ?"

"ನೋಡಾಕ ಬೇಕಾದಷ್ಟು ಮಂದಿ."

"ಹಾಕಿದವರು?"

ಆಂಟಿ "ಬರ್ರಿ ಒಳಗ," ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಕಪಾಟಿನಲ್ಲಿ ಆರು ಸ್ಟೀಲ್ ಡಬ್ಬಿ ಸಾಲಾಗಿ ಕೂತಿದ್ದವು. ಅಕ್ಕಿ ಹಿಡಿಯುವಷ್ಟು ದೊಡ್ಡದರಿಂದ ಶುರುವಾಗಿ ಒಂದಕ್ಕಿಂತ ಒಂದು ಚಿಕ್ಕದು. ಕೊನೆಯಲ್ಲಿ ಒಂದು ಅಂಗೈಯಷ್ಟು ಜಾಗ ಖಾಲಿ. ಅಲ್ಲಿ ಧೂಳು ಕೂರದಂತೆ ಒಂದು ಚಿಕ್ಕ ಬಟ್ಟೆ ಹಾಸಿದ್ದರು.

"ನಿಮ್ಮ ಕಾರ್ಯದರ್ಶಿ ಏಳು ಡಬ್ಬಿ ಸೆಟ್ ಒಂದು ಚಿಕ್ಕಪೇಟೆಯಿಂದ ತಂದಿಟ್ಕೊಂಡಾರ. ವರ್ಷಕ್ಕ ಒಂದು ಕೊಡ್ತಾರ. ದೊಡ್ಡದು ಮೊದಲ ವರ್ಷ ಬಂತು. ಇನ್ನ ಒಂದು ಬಂದ್ರ ಸೆಟ್ ಪೂರಾ. ಅದರಾಗ ಜೀರಿಗಿ ಹಾಕ್ಬೇಕಂತ ಮಾಡೀನಿ."

"ಪೇಟೆಯಲ್ಲಿ ಒಂದು ಸಿಗಲ್ವಾ ಆಂಟಿ?"

ಅವರು ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಕೊಂಡ ಡಬ್ಬಿ ಬ್ಯಾರೆ, ಗೆದ್ದ ಡಬ್ಬಿ ಬ್ಯಾರೆ. ಆ ಸ್ಪರ್ಧಿಗಳ ಕಾಲಂ ಒಂದು ತೆಗೆದುಬಿಡ್ರಿ. ಇಲ್ಲಂದ್ರ ಆ ಖಜಾಂಚಿ ಅದನ್ನೇ ಹಿಡ್ಕೊಂಡು ಪ್ರಶಸ್ತಿ ನಿಲ್ಲಿಸ್ತಾನ."

ಇಲ್ಲಿಯೂ ನಾನು ಮಾತು ಹುಡುಕುತ್ತಾ ನಿಂತೆ. ಆಂಟಿ ಅದನ್ನು ಒಪ್ಪಿಗೆ ಎಂದುಕೊಂಡು ಒಂದು ತಟ್ಟೆ ಮಂಡಕ್ಕಿ ಒಗ್ಗರಣೆ ಕೊಟ್ಟರು. ತಿಂದೆ. ಮನೆಗೆ ಬಂದು ಆರು ಸಾಲಿನಲ್ಲೂ "ಸ್ಪರ್ಧಿಗಳು: ಒಬ್ಬರು" ಎಂದು ಬರೆದೆ.

ಹೆಂಡತಿ ಹಿಂದೆ ನಿಂತು ಓದಿದಳು. "ಮಂಡಕ್ಕಿ ಹೇಗಿತ್ತು?"

"ಚೆನ್ನಾಗಿತ್ತು."

"ಇನ್ಮೇಲೆ ಬರಲ್ಲ ಬಿಡಿ."

ಮಹಾಸಭೆ

ಮಹಾಸಭೆಯ ದಿನ ಕಾರ್ಯದರ್ಶಿಗಳು ಪುಟವನ್ನು ಪರದೆಯ ಮೇಲೆ ಹಾಕಿಸಿದರು. "ಮಹಡಿ ತಪ್ಪಿದ್ದಕ್ಕೆ" ಎಂಬಲ್ಲಿಗೆ ಬಂದಾಗ ಸಭೆ ನಕ್ಕಿತು. ಮೂರು ದಾಸವಾಳ ಒಟ್ಟಿಗೆ ಕಂಡಾಗ ಖಜಾಂಚಿಯವರ ಮನೆಯವರು ಎದ್ದು ನಿಂತು "ಅಯ್ಯೋ, ನಮ್ಮ ಕುಂಡ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಜಾಂಚಿಯವರ ಮುಖ ಮೊದಲ ಸಲ ಸಡಿಲವಾಯಿತು. ಇನ್ನು ಗೆದ್ದೆವು ಎಂದು ಕಾರ್ಯದರ್ಶಿಗಳು ನನ್ನತ್ತ ನೋಡುವಷ್ಟರಲ್ಲಿ ರಂಗೋಲಿ ಬಂತು.

"ಒಬ್ಬರು, ಒಬ್ಬರು, ಒಬ್ಬರು," ಎಂದು ಖಜಾಂಚಿ ಜೋರಾಗಿ ಓದಿದರು. "ಒಬ್ರೇ ಇದ್ದು ಗೆದ್ರೆ ಅದು ಗೆಲುವೇನ್ರಿ? ಇದಕ್ಕೇ ನಾನು ನಿಲ್ಸಿ ಅನ್ನೋದು."

ಹಿಂದಿನ ಸಾಲಿನಿಂದ ಆಂಟಿ ಎದ್ದರು. ಮೊದಲು ನನ್ನನ್ನು ಒಮ್ಮೆ ನೋಡಿದರು. ಮಂಡಕ್ಕಿ ನೆನಪಾಯಿತು.

"ಒಬ್ಬರು ಅಂತ ಬರದಾರ, ಖರೇನ ಐತಿ," ಎಂದರು. "ಉಳಿದವರು ಬಾಗಿಲ ಸಂದಿಯಿಂದ ನೋಡಿ ಒಳಗ ಹೋದ್ರು ಅಂತ ಬರದಿಲ್ಲ. ಅದಕ್ಕೊಂದು ಕಾಲಂ ಹಾಕ್ರಿ. ಬೆಳಿಗ್ಗಿ ನಾಕಕ್ಕ ಎದ್ದು ರಸ್ತೆ ತೊಳದು ನಾ ಕೂತೀನಿ. ಈ ಸಲ ಯಾರ್ಯಾರು ಬರ್ತೀರಿ, ಈಗ ಹೇಳ್ರಿ."

ಮೊದಲು ಒಬ್ಬರು ಕೈ ಎತ್ತಿದರು. ಅವರ ಪಕ್ಕದವರೂ ಎತ್ತಿದರು. ಸ್ವಲ್ಪ ಹೊತ್ತಿಗೆ ಕೈ ಎತ್ತದ ಹೆಂಗಸರೆಂದರೆ ನನ್ನ ಹೆಂಡತಿ ಒಬ್ಬಳೇ. ಪ್ರಶಸ್ತಿ ಉಳಿಯಿತು. ಖಜಾಂಚಿಯವರ ಮನೆಯವರೂ ಹೆಸರು ಕೊಟ್ಟದ್ದರಿಂದ ಖಜಾಂಚಿಯೇ ಉತ್ಸಾಹದಿಂದ ಎದ್ದರು.

"ಇಷ್ಟು ಜನ ಇದ್ಮೇಲೆ ಆ ಚಿಕ್ಕ ಡಬ್ಬಿ ಏನ್ ಕೊಡೋದು ಬಿಡ್ರಿ. ಕುಕ್ಕರ್ ಕೊಡೋಣ!"

ಜೋರು ಚಪ್ಪಾಳೆ. ಆಂಟಿಯ ಕೈ ಮಾತ್ರ ಅರ್ಧಕ್ಕೆ ನಿಂತಿತು.

ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಮರೆಗೆ ಕರೆದು ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ ಕೈಗಿಟ್ಟರು. "ನೋಡ್ಕೋತೀವಿ ಅಂದಿದ್ನಲ್ಲ ಸಾರ್. ಬೇಡ ಅನ್ಬಾರ್ದು." ಬೇಡ ಅನ್ನಲು ನಾನು ಮಾತು ಹುಡುಕುವಷ್ಟರಲ್ಲಿ ಅವರು ಸ್ಕೂಟರ್ ಹತ್ತಿದ್ದರು.

ಮಾರನೆಯ ದಿನ ಸಂಜೆ ಆಂಟಿ ನಮ್ಮ ಮನೆಗೆ ಬಂದರು. ಕೈಯಲ್ಲಿ ಚೀಲ, ತರಕಾರಿಗೆ ಹೊರಟವರು. ಕೂರಲಿಲ್ಲ.

"ಇಷ್ಟೆಲ್ಲ ಓಡಾಡಿ ಬರದ್ರಲ್ಲ, ಏನ್ ಕೊಟ್ರು ನಿಮಗ?"

ನಾನು ಹೆಂಡತಿಯನ್ನು ನೋಡಿದೆ. ಅವಳು ಒಳಗೆ ಹೋಗಿ ತಂದು ಮೇಜಿನ ಮೇಲಿಟ್ಟಳು. ಅಂಗೈಯಷ್ಟು ಸ್ಟೀಲ್ ಡಬ್ಬಿ.

ಆಂಟಿ ಅದನ್ನು ಎತ್ತಿಕೊಂಡರು. ಮುಚ್ಚಳ ತೆಗೆದು ಮುಚ್ಚಿದರು. ತಳ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

"ಇದಕ್ಕ ಸ್ಪರ್ಧಿಗಳು ಎಷ್ಟು ಮಂದಿ ಇದ್ರು?"

"ನಾನೊಬ್ಬನೇ ಆಂಟಿ."

"ಒಬ್ಬರೇ ಇದ್ರ ಅದು ಗೆಲುವಲ್ಲ ಅಂತ ಖಜಾಂಚಿ ಹೇಳ್ಯಾರ," ಎಂದು ಆಂಟಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.