ಗುರಪ್ಪನವರು ತಂದ ಅರ್ಧ ರೋಗ

ಯಂಕಂಚಿಯ ಗುರಪ್ಪನವರಿಗೆ ಜೀವ ಹೋಗುವುದಕ್ಕಿಂತ ಮಾನ ಹೋಗುವ ಹೆದರಿಕೆಯೇ ಹೆಚ್ಚು. ಎರಡು ಮಿರ್ಚಿ ಭಜಿ ಹೊಟ್ಟೆಗಿಳಿದರೆ ಸಾಕು, ಅವರ ಎದೆ ನಾಲ್ಕು ಬಡಿತ ಓಡಿ, ಒಂದು ಬಡಿತ ನಿಂತು ನೋಡುತ್ತಿತ್ತು. ಸಿಂದಗಿಯ ಡಾಕ್ಟರಬಾಯಿ ಇಸಿಜಿ ತೆಗೆದು, "ಹೊಟ್ಟಿ ಉಬ್ಬಿದಾಗ ನಿಮ್ಮ ಎದಿ ತಾಳ ತಪ್ಪಾಕತ್ತೈತ್ರಿ. ಹೊಟ್ಟಿ ಸಂಭಾಳಿಸ್ರಿ, ಎದಿ ಸುಮ್ಮನಾಗತೈತಿ" ಎಂದು ಗುಳಿಗೆ ಬರೆದುಕೊಟ್ಟರು.

ಬಸ್ಸು ಹತ್ತಿ ಊರಿಗೆ ಬರುವಾಗ ಗುರಪ್ಪನವರು ಈ ಮಾತಿನಲ್ಲಿ ಅರ್ಧವನ್ನಷ್ಟೇ ತಂದರು. ಗ್ಯಾಸ್ ಎಂದರೆ ಕಟ್ಟೆಯ ಮೇಲಿನವರು ನಗುತ್ತಾರೆ. ಹಾರ್ಟ್ ಎಂದರೆ ಎದ್ದು ಜಾಗ ಬಿಡುತ್ತಾರೆ. (ನಮ್ಮ ಕಡೆ ರೋಗಕ್ಕೂ ಅಂತಸ್ತುಂಟು ನೋಡಿ.)

"ಹಾರ್ಟ್ ಅಂತ" ಎಂದರು ಹೆಂಡತಿ ಬಾಳಮ್ಮನಿಗೆ, ದನಿ ಇಳಿಸಿ.

ಅಬ್ಬಬ್ಬಾ, ಏನು ರಾಜವೈಭೋಗ! ಬಾಳಮ್ಮನ ಬೈಗುಳ ನಿಂತೇಹೋಯಿತು. ಗೆಳೆಯ ಬೀರಣ್ಣ ಬಾಳೆಹಣ್ಣು ತಂದಿಟ್ಟು, ಕಣ್ಣೊರೆಸಿಕೊಂಡು ಹೋದ. ಗುರಪ್ಪನವರು ಬಂದವರಿಗೆಲ್ಲ ಎದೆಯ ಮೇಲೆ ಕೈಯಿಟ್ಟುಕೊಂಡೇ "ಬರ್ರಿ" ಅನ್ನತೊಡಗಿದರು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ಗುರಪ್ಪನವರು ವರ್ಷವಿಡೀ ಬಾಯಲ್ಲಿ ನೀರೂರಿಸಿಕೊಂಡು ಕಾದಿದ್ದ ಊಟ! ಭೂಮಿತಾಯಿಗೆ ನೈವೇದ್ಯವೆಂದು ಹೊಲಕ್ಕೆ ಚರಗ ಚೆಲ್ಲಿ ಎಲ್ಲರೂ ಬನ್ನಿಗಿಡದ ಕೆಳಗೆ ಕೂತರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆ ಸಾಲಾಗಿ ಬಂದವು. ಗುರಪ್ಪನವರ ಮುಂದೆ ಮಾತ್ರ ಒಂದು ವಾಟಗಾ ಗಂಜಿ ಬಂತು.

"ಏನಿದು?"

"ಹಾರ್ಟಿನವರಿಗೆ ಎಣ್ಣಿ, ತುಪ್ಪ ಇಲ್ರಿ. ನನ್ನ ತಾಳಿ ನಿಮ್ಮ ಎದಿ ಮ್ಯಾಲ ನಿಂತೈತಿ" ಎಂದಳು ಬಾಳಮ್ಮ.

"ಒಂದ ಹೋಳಗಿಗೆ ಏನಾಗತೈತಿ?"

"ನಂಗ ಏನೂ ಆಗೂದಿಲ್ಲ. ನಿಮಗ ಆಗತೈತಿ. ಕುಡೀರಿ ಸುಮ್ನ."

ಪಕ್ಕದಲ್ಲಿ ಬೀರಣ್ಣ ಎರಡನೇ ಹೋಳಿಗೆಗೆ ತುಪ್ಪ ಸುರಿಸಿಕೊಂಡ. ಆ ಘಮಕ್ಕೆ ಗುರಪ್ಪನವರ ಮಾನ ಮರ್ಯಾದೆಯೆಲ್ಲ ಕರಗಿ ನೀರಾಯಿತು.

"ಹಾರ್ಟೂ ಇಲ್ಲ, ಗೀರ್ಟೂ ಇಲ್ಲ! ಬರೇ ಗ್ಯಾಸು! ಡಾಕ್ಟರಬಾಯಿನ ಹೇಳ್ಯಾರ!"

ಹೊಲಕ್ಕೆ ಹೊಲವೇ ನಕ್ಕಿತು. "ಥೂ ನಿನ್ನ! ಗ್ಯಾಸಿಗೆ ನನ್ನ ಕಣ್ಣೀರ ಹಾಳ ಮಾಡಿಸಿದೆಲ್ಲೋ. ಬಾಳಿಹಣ್ಣ ವಾಪಸ್ ಕೊಡು!" ಎಂದ ಬೀರಣ್ಣ.

ಬಾಳಮ್ಮ ಮಾತ್ರ ನಗಲಿಲ್ಲ. ಅಲ್ಲೇ ಡಾಕ್ಟರಬಾಯಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಬರೇ ಗ್ಯಾಸ್ ಅಲ್ರಿ, ಬರೇ ಹಾರ್ಟೂ ಅಲ್ರಿ. ಎರಡೂ ಕೂಡ್ಯಾವು. ಹೊಟ್ಟಿ ಕೆಟ್ರ ಎದಿ ಕೆಡತೈತಿ ಅಂತ ಅವರಿಗೆ ಬಿಡಿಸಿ ಹೇಳೇನಲ್ರಿ. ಇವತ್ತ ಹಬ್ಬ ಐತಿ, ಹುಷಾರ್ರಿ!"

ಹೋಳಿಗೆಯತ್ತ ಚಾಚಿದ್ದ ಕೈಯನ್ನು ಗುರಪ್ಪನವರು ಮೆಲ್ಲಗೆ ಹಿಂದೆಳೆದುಕೊಂಡರು. ಬಾಳಮ್ಮ ಗಂಜಿಯ ಪಕ್ಕದಲ್ಲಿ ಇನ್ನೊಂದು ವಾಟಗಾ ಗಂಜಿ ತಂದಿಟ್ಟಳು.

"ಅದು ಹಾರ್ಟಿಂದು. ಇದು ಗ್ಯಾಸಿಂದು" ಎಂದಳು. "ಎರಡೂ ಕುಡೀರಿ."