ಕೋರುತನ ಪಾಲಿನ ಸಾಲುಗಳು

ಕೋರುತನ ಬಾತುಕೋಳಿಗಳಿಗೆ ಬೈಬಲ್ಲಿನ ಐವತ್ತೊಂದನೆಯ ಕೀರ್ತನೆ ಬಾಯಿಪಾಠ. ನಗಬೇಡಿ, ಕೇರಳದ ಕುಟ್ಟನಾಡಿನ ಯಾವ ಕಾಲುವೆಯಲ್ಲಿ ಬೇಕಾದರೂ ವಿಚಾರಿಸಿ. ಒಮ್ಮೆ ಬಿಷಪ್ಪರ ದೋಣಿ ಆ ದಾರಿಯಲ್ಲಿ ಹೋಗುವಾಗ ಅವು ಒಕ್ಕೊರಲಿನಿಂದ ಹಾಡಿದವು. ಬಿಷಪ್ಪರು ಗೌರವದಿಂದ ಎದ್ದು ನಿಂತರು, ದೋಣಿ ವಾಲಿತು. ಅವರ ಗಡ್ಡದ ತುದಿ ಇನ್ನೂ ಒಣಗಿಲ್ಲ.

ಬಾತುಗಳಿಗೆ ಬಂದದ್ದು ಕೋರುತನಿಗೆ ಮಾತ್ರ ಪೂರ್ತಿ ಬರುತ್ತಿರಲಿಲ್ಲ. ಆ ದಿನದ ಫಜೀತಿಗೆ ಅದೇ ಮೂಲ.

ಅಂದು ಸಂಜೆ ಅವನ ಮನೆಯಲ್ಲಿ ಪ್ರಾರ್ಥನಾಕೂಟ. ಇಗರ್ಜಿಯವರು ತಿಂಗಳಿಗೊಂದು ಮನೆಯಂತೆ ಸರದಿಯಲ್ಲಿ ಸೇರುವುದು ರೂಢಿ. ಮನೆಯ ಯಜಮಾನ ಪುಸ್ತಕ ನೋಡದೆ ಈ ಕೀರ್ತನೆ ಹೇಳಬೇಕು. ಹೆಂಡತಿ ಏಲಿಯಮ್ಮ ತೀರಿಕೊಂಡ ಮೇಲೆ, ಪಾಪ ಒಬ್ಬಂಟಿ, ಅವನಿಗ್ಯಾಕೆ ತೊಂದರೆ ಎಂದು ಸರದಿ ಅವನ ಮನೆಯನ್ನು ಹಾರಿಕೊಂಡೇ ಹೋಗುತ್ತಿತ್ತು. ಅವನ ಮೆಟ್ಟಿಲ ಬುಡದಲ್ಲಿ ಬೇರೆಯವರ ಚಪ್ಪಲಿ ಕಂಡು ಎಷ್ಟೋ ಕಾಲವಾಗಿತ್ತು. ಅವನ ಚಪ್ಪಲಿಗಳೇ ಬೇಸರ ತಾಳದೆ ಒಂದರ ಮೇಲೊಂದು ಹತ್ತಿ ಮಲಗುತ್ತಿದ್ದವು. ಈ ಸಲ ಪಾದ್ರಿ ಅಚ್ಚನ್ನರನ್ನು ಕಾಡಿ ಬೇಡಿ ಸರದಿ ಗಿಟ್ಟಿಸಿದ್ದ. ಇಂದು ಎಡವಿದರೆ ಆ ಮೆಟ್ಟಿಲನ್ನು ಇನ್ನು ಯಾರೂ ಹತ್ತುವುದಿಲ್ಲ.

ಬೆಳಿಗ್ಗೆ ಕಾಲುವೆಯ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಾಗ, ಇಗರ್ಜಿಯ ಗಂಟೆ ಬಾರಿಸುವ ಚಾಂಡಿ ದೋಣಿ ನಿಲ್ಲಿಸಿದ.

"ಅಚ್ಚಾಯಾ, ಮಧ್ಯೆ ಮಧ್ಯೆ ಸಾಲು ನುಂಗ್ತಿದ್ದೀರಲ್ಲ."

"ನುಂಗ್ತಿಲ್ವೋ. ಅವು ನನ್ನ ಸಾಲಲ್ಲ."

"ಮತ್ತ್ಯಾರ್ದು?"

"ಅವಳ್ದು."

ಮದುವೆಯಾದ ದಿನದಿಂದ ಸಂಜೆ ದೀಪದ ಮುಂದೆ ಏಲಿಯಮ್ಮ ಒಂದು ಸಾಲು, ಕೋರುತ್ ಒಂದು ಸಾಲು. ಶುರು ಮಾಡುವುದು ಯಾವಾಗಲೂ ಅವಳೇ. ಹಾಗಾಗಿ ಜೀವಮಾನವೆಲ್ಲ ಹೇಳಿಯೂ ಅವನ ಪಾಲಿಗೆ ಬಂದದ್ದು ಅರ್ಧ ಕೀರ್ತನೆ.

ಚಾಂಡಿ ಹುಟ್ಟು ಎತ್ತುವ ಮೊದಲೇ ಸುದ್ದಿ ಕಾಲುವೆಯ ಆ ತುದಿ ಮುಟ್ಟಿತ್ತು. ನಿವೃತ್ತ ಹೆಡ್‌ಮಾಸ್ತರ್ ನೈನಾನ್ ಸಾರ್ ಕೊಡೆ ಹಿಡಿದು ಬಂದೇಬಿಟ್ಟರು.

"ಕೋರುತೇ, ಅರ್ಥ ಗೊತ್ತಿಲ್ದೆ ಬಾಯಿಪಾಠ ಮಾಡಿದ್ರೆ ಹೀಗೇ ಆಗೋದು. ಅರ್ಥ ಹಿಡ್ಕೋ, ಸಾಲು ತಾನಾಗೇ ಬರುತ್ತೆ. ಇದರಲ್ಲಿ ಹಿಸ್ಸೋಪು ಅಂತ ಬರುತ್ತಲ್ಲ, ಅದೇನು?"

"ಗೊತ್ತಿಲ್ಲ ಸಾರ್. ಅದು ಏಲಿಯಮ್ಮನ ಸಾಲು."

"ಒಂದು ಗಿಡ. ನಮ್ಮ ತುಳಸಿ ಥರ."

"ಬೇವಿರಬೇಕು ಸಾರ್," ಎಂದ ಚಾಂಡಿ. "ಪಾಪ ತೊಳಿಯೋದಕ್ಕೆ ತುಳಸಿ ಎಲ್ಲಿ ಸಾಕಾಗುತ್ತೆ?"

ತುಳಸಿಯೋ ಬೇವೋ ಎಂದು ಇಬ್ಬರೂ ಕಾದಾಡುವಷ್ಟರಲ್ಲಿ ಒಲೆಯ ಮೇಲಿನ ಮರಗೆಣಸು ಸೀದು ಇದ್ದಿಲಾಯಿತು. ಮಧ್ಯಾಹ್ನದ ಹೊತ್ತಿಗೆ ಕೋರುತನಿಗೆ ಇಡೀ ಕೀರ್ತನೆಯ ಅರ್ಥ ತಿಳಿದಿತ್ತು, ಏಲಿಯಮ್ಮನ ಸಾಲುಗಳೂ ತಲೆಗೆ ಹತ್ತಿದ್ದವು. ಆದರೆ ಗಂಟಲಲ್ಲಿದ್ದ ತನ್ನ ಸಾಲುಗಳು, ಅಪರಿಚಿತರನ್ನು ಕಂಡ ಮಕ್ಕಳಂತೆ, ಒಳಗೆಲ್ಲೋ ಅವಿತುಕೊಂಡಿದ್ದವು.

ಅಷ್ಟರಲ್ಲಿ ಎದುರು ದಡದಿಂದ, ಊರಿಗೆಲ್ಲ ಹಿರಿಯಕ್ಕನಾದ ಶೋಶಾಮ್ಮ ಚೇಡತ್ತಿಯ ಕೂಗು. "ಕೋರುತೇ, ಮೊದಲು ನಿನ್ನ ಬಾತುಗಳನ್ನ ನನ್ನ ಗದ್ದೆಯಿಂದ ಕರ್ಕೊಂಡು ಹೋಗು. ಆಮೇಲೆ ದೇವರನ್ನ ಕರೆಯುವಿಯಂತೆ."

"ಚೇಡತ್ತೀ, ಸಂಜೆ ಪ್ರಾರ್ಥನೆಗೆ ಬರ್ತೀರಲ್ಲ?"

"ಈ ಕಳ್ಳಬಾತುಗಳು ಇರೋವರೆಗೂ ನಿನ್ನ ಮೆಟ್ಟಿಲು ತುಳಿಯಲ್ಲ ಅಂತ ಆಣೆ ಇಟ್ಟಿದ್ದೀನಿ, ಮರೆತ್ಯಾ?"

ಬಾತು ಅಟ್ಟಲು ಹೋದ ಕೋರುತ್ ದೋಣಿಯಲ್ಲೇ ಹಿಸ್ಸೋಪಿನ ಧ್ಯಾನದಲ್ಲಿ ಎದ್ದು ನಿಂತು, ಕಾಲುವೆಗೆ ಬಿದ್ದು, ಹಿಸ್ಸೋಪಿಲ್ಲದೆಯೇ ಪರಿಶುದ್ಧನಾಗಿ ಮೇಲೆ ಬಂದ.

ಸಂಜೆ ಜನ ಬಂದರು. ಮೆಟ್ಟಿಲ ಬುಡದಲ್ಲಿ ಚಪ್ಪಲಿಗಳ ರಾಶಿ ತೆಂಗಿನ ಮರದೆತ್ತರ ಬೆಳೆಯಿತು. ಕೋರುತ್ ಏನೋ ನೆಪ ಮಾಡಿ ಎರಡು ಸಲ ಹೊರಗೆ ಬಂದು ಅದನ್ನು ನೋಡಿ ಹೋದ.

ದೀಪ ಹಚ್ಚಿದರು. ಎಲ್ಲರೂ ಕಣ್ಣು ಮುಚ್ಚಿದರು. ಮೊದಲ ಸಾಲು ಅವನ ನಾಲಿಗೆಯ ತುದಿಯಲ್ಲೇ ಇತ್ತು. ನೈನಾನ್ ಸಾರ್ ಅರೆದು ಕುಡಿಸಿದ್ದರಲ್ಲ. ಆದರೆ ಅದು ಅವಳ ಸಾಲು. ತಾನೇ ಹೇಳಿಬಿಟ್ಟರೆ ಆಮೇಲೆ ಅವಳಿಗೇನು ಉಳಿಯಿತು? ಅವನು ಸುಮ್ಮನೆ ಕುಳಿತ. ಸಾರ್ ಕೆಮ್ಮಿದರು. ಚಾಂಡಿ ಪಿಸುಗುಟ್ಟಿದ. ಅಚ್ಚನ್ ಒಂದು ಕಣ್ಣು ತೆರೆದರು.

ಆಗ, ಕೇಳಿ, ಕಾಲುವೆಯ ಕತ್ತಲಿನಿಂದ ಬಾತುಗಳು ಮೊದಲ ಸಾಲು ಹೇಳಿದವು. ಏಲಿಯಮ್ಮನದೇ ರಾಗ, ಅವಳು ಉಸಿರೆಳೆದುಕೊಳ್ಳುತ್ತಿದ್ದ ಜಾಗದಲ್ಲೇ ಉಸಿರು. ಎರಡನೆಯ ಸಾಲು ಕೋರುತನನ್ನು ಕೇಳದೆಯೇ ಅವನ ಬಾಯಿಂದ ಹೊರಟಿತು. ಅವು ಒಂದು, ಇವನೊಂದು, ಕೊನೆಯವರೆಗೂ. ಜನರ ಕಣ್ಣೀರಿಗೆ ಕಾಲುವೆ ಒಂದು ಮೊಳ ಏರಿತು.

ಹೀಗೆಂದು ನಾನು ಮೊನ್ನೆ ಬೋಟಿನಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಶೋಶಾಮ್ಮ ಚೇಡತ್ತಿ ಕುಳಿತಿದ್ದನ್ನು ನೋಡಿರಲಿಲ್ಲ.

"ಯಾವ ಬಾತಪ್ಪಾ ಅದು? ಕರಿದಾ, ಬಿಳಿದಾ?"

"ಅದು, ಚೇಡತ್ತೀ..."

"ನಿಜ ಹೇಳು. ಇಲ್ಲಾಂದ್ರೆ ನೀರಿಗೆ ತಳ್ತೀನಿ."

ನಿಜ ಇಷ್ಟೇ. ಆಣೆ ಮುರಿಯಬಾರದೆಂದು ಶೋಶಾಮ್ಮ ಮೆಟ್ಟಿಲು ಹತ್ತದೆ, ಕೆಳಗೆ ದೋಣಿಯಲ್ಲೇ ಕುಳಿತಿದ್ದಳು. ಅವಳಿಗೆ ಓದು ಬಾರದು. ಆದರೆ ಏಲಿಯಮ್ಮನ ದೊಡ್ಡ ಗಂಟಲು ದಿನಾ ಸಂಜೆ ನೀರು ದಾಟಿ ಅವಳ ಜಗುಲಿಗೆ ಬರುತ್ತಿತ್ತು. ಕೋರುತನ ಗೊಣಗು ದಾಟುತ್ತಿರಲಿಲ್ಲ. ಅವಳು ಕಲಿತದ್ದೂ ಅರ್ಧವೇ, ಅಂದು ಕತ್ತಲಿನಿಂದ ಹೇಳಿದ್ದೂ ಅದನ್ನೇ. ಬಿಷಪ್ಪರ ಗಡ್ಡ ಎಂದೂ ಒದ್ದೆಯಾಗಿಲ್ಲ.

ಅಂದು ಪ್ರಾರ್ಥನೆ ಮುಗಿದು, ಎಲ್ಲರೂ ಅಚ್ಚಿನಲ್ಲಿ ಕರಿದ ಅಚ್ಚಪ್ಪಂ ತಿಂದು ಕರಿ ಚಹಾ ಕುಡಿದರು. ಅಚ್ಚನ್ ಕೋರುತನ ಬೆನ್ನು ತಟ್ಟಿದರು. "ಇಂಥ ಕೀರ್ತನೆ ನಾನು ಕೇಳೇ ಇಲ್ಲ. ಆದ್ರೆ ಚೇಡತ್ತಿ ನಿಮ್ಮ ಮೆಟ್ಟಿಲು ಹತ್ತಲ್ಲ. ನೀವು ಅವರ ಮೆಟ್ಟಿಲು ಹತ್ತಬಹುದಲ್ಲ? ಇನ್ಮೇಲೆ ನಿಮ್ಮ ಸರದೀನೂ ಅವರ ಮನೆಯಲ್ಲೇ ಇಟ್ಕೊಳ್ಳೋಣ." ಎಲ್ಲರಿಗೂ ಅದು ಸರಿಯೆನಿಸಿತು. ಚಪ್ಪಲಿಗಳು ಹೊರಟುಹೋದವು.

ಮರುದಿನ ಸಂಜೆ ಕೋರುತ್ ದೀಪ ಹಚ್ಚಿ ಕುಳಿತ. ಬಾತುಗಳು ಮತ್ತೆ ಗದ್ದೆಗೆ ನುಗ್ಗಿದ್ದಕ್ಕೆ ಸಿಟ್ಟಾಗಿ ಶೋಶಾಮ್ಮ ಬಾಗಿಲು ಹಾಕಿಕೊಂಡಿದ್ದಳು. ಅವನು ಮೊದಲ ಸಾಲಿಗಾಗಿ ಬಹಳ ಹೊತ್ತು ಕಾದ. ಬಾತುಗಳು ಹೊಟ್ಟೆ ತುಂಬಿ, ರೆಕ್ಕೆಯೊಳಗೆ ತಲೆ ಹುದುಗಿಸಿ, ಖಾಲಿ ಮೆಟ್ಟಿಲ ಮೇಲೆ ಮಲಗಿದ್ದವು. ಅವಕ್ಕೆ ಒಂದು ಸಾಲೂ ಬರುವುದಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎಂದು ನನ್ನ ಕಥೆಯಲ್ಲಿ ನಾನೇ ಕಲಿಸಿದ್ದು.