ಎಂಸಿಆರ್ ಚಪ್ಪಲಿಯೂ ನನ್ನ ಕರುಣೆಯೂ

ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ಅಂಥ ಕಷ್ಟದ ಕೆಲಸವಲ್ಲ. ತಲೆ ತಗ್ಗಿಸಿ ನಿಂತರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಮಾಡದ ಪುಣ್ಯಕ್ಕೆ ಹೊಗಳಿಸಿಕೊಳ್ಳುವುದಿದೆಯಲ್ಲ, ಅದು ಮುಗಿಯುವುದೇ ಇಲ್ಲ. ನಮ್ಮ ಕಾಲೇಜಿನಲ್ಲಿ ನಾನೀಗ ಕರುಣಾಮಯಿ ಎಂದು ಹೆಸರಾಗಿದ್ದೇನೆ. ಗೇಟಿನ ವಾಚ್‌ಮನ್ ಕೂಡ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಈ ಹೆಸರು ಬಂದದ್ದು ಒಂದು ಚಪ್ಪಲಿಯಿಂದ ಎಂದು ನನಗೂ ಇನ್ನೊಬ್ಬರಿಗೂ ಮಾತ್ರ ಗೊತ್ತು. ಇವತ್ತು ನಿಮಗೂ ಹೇಳಿ ಹಗುರಾಗುತ್ತೇನೆ.

ಕಾಲೇಜು ಎಂದ ಮಾತ್ರಕ್ಕೆ ನನ್ನನ್ನು ಹುಡುಗಿ ಎಂದುಕೊಳ್ಳಬೇಡಿ. ಕುವೈಟಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿ ದುಡಿದು ಸುರತ್ಕಲ್ಲಿಗೆ ಮರಳಿದ ಐವತ್ತಮೂರರ ಹೆಂಗಸು ನಾನು. ಮನೆಯಲ್ಲಿ ಕೂತು ಕೂತು ಬೇಸರವಾಗಿ ಮಂಗಳೂರಿನ ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಎಂ.ಎ.ಗೆ ಸೇರಿದೆ. ಸಹಪಾಠಿಗಳಿಗೆಲ್ಲ ನಾನು ಲೀನಾ ಆಂಟಿ. ಆಂಟಿ ಎಂಬ ಪದವಿ ಸಿಕ್ಕ ಮೇಲೆ ಅದಕ್ಕೆ ತಕ್ಕ ಹಾಗೆ ಇರಬೇಕಲ್ಲ, ಕ್ಲಾಸಿಗೆ ಚಕ್ಕರ್ ಹೊಡೆಯುವ ಮಕ್ಕಳಿಗೆ ವಾರಕ್ಕೊಮ್ಮೆ ಬುದ್ಧಿ ಹೇಳುತ್ತಿದ್ದೆ. ಪಕ್ಕದಲ್ಲಿ ಕೂರುವ ಪ್ರತೀಕ್ಷಾ ಶೆಟ್ಟಿ, ಹೋಟೆಲ್ ಮಾಲೀಕರ ಮಗಳು, ಈ ಉಪದೇಶದ ಕಾಯಂ ಗಿರಾಕಿ.

ಆದರೆ ನನ್ನ ವಿದ್ಯಾಭ್ಯಾಸ ನಿಂತಿರುವುದು ನನ್ನ ಹಿಮ್ಮಡಿಯ ಮೇಲೆ. ವಾರ್ಡಿನಲ್ಲಿ ನಿಂತು ನಿಂತು ಬಂದ ನೋವು ಅದು. ನಾಲ್ಕೂ ಹತ್ತರ ಬಸ್ಸಾದರೆ ಸೀಟು ಸಿಗುತ್ತದೆ. ಅದು ತಪ್ಪಿದರೆ ನಂತೂರಿನ ಲಾರಿಗಳನ್ನೂ ಕೂಳೂರು ಸೇತುವೆಯ ವಾಹನಗಳ ಸಾಲನ್ನೂ ನಿಂತೇ ದಾಟಬೇಕು. ಹಾಗೆ ಎರಡು ಸಲ ಕುಂಟುತ್ತಾ ಮನೆ ಸೇರಿದಾಗ ನನ್ನ ಗಂಡ ವಲೇರಿಯನ್ ತೀರ್ಪು ಕೊಟ್ಟುಬಿಟ್ಟರು. "ಇನ್ನೊಂದು ಸಲ ಹೀಗೆ ಕುಂಟಿಕೊಂಡು ಬಂದ್ರೆ ಕಾಲೇಜು ಸಾಕು ಲೀನಾ. ಈ ಪ್ರಾಯದಲ್ಲಿ ಡಿಗ್ರಿ ತಗೊಂಡು ಎಂತ ಮಾಡ್ಲಿಕ್ಕೆ ಉಂಟು?" ನಾನು ಆಯ್ತು ಎಂದೆ. ಹಾಗೆನ್ನಬಾರದಿತ್ತು, ಆದರೆ ಆ ಹೊತ್ತಿಗೆ ಅವರು ನನ್ನ ಕಾಲಿಗೆಂದು ಬಕೆಟಿನಲ್ಲಿ ಬಿಸಿನೀರು ಹಿಡಿದು ನಿಂತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಮೂರು ಗಂಟೆಗೆ ಅತಿಥಿ ಉಪನ್ಯಾಸ. ಬೆಂಗಳೂರಿನಿಂದ ಬಂದ ಕಲಾವಿದೆಯ ಹೆಸರು ಇಳಾ. ಬಣ್ಣ ಕುಂಚ ಏನೂ ಇಲ್ಲದೆ, ಜನರ ನಡುವೆ ಏನಾದರೊಂದು ಮಾಡಿ ತೋರಿಸುವುದೇ ಅವರ ಕಲೆ ಎಂದು ನಮ್ಮ ರೈ ಮೇಡಂ ಪರಿಚಯಿಸಿದರು. ಉಪನ್ಯಾಸಕ್ಕೆ ಒಂದು ಪುಟ ಪ್ರತಿಕ್ರಿಯೆ ಬರೆಯಬೇಕು, ಹತ್ತು ಅಂಕ ಎಂದೂ ಸೇರಿಸಿದರು. ಅಷ್ಟು ಹೊತ್ತೂ ಇಳಾ ನಮ್ಮ ನಡುವೆ ಕೂತು ತಮ್ಮ ಹೊಗಳಿಕೆಗೆ ತಾವೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ತಮಗೆ ಹೊದಿಸಿದ ಶಾಲನ್ನು ತೆಗೆದು ಮೈಕಿಗೆ ಹೊದಿಸಿ, "ಇಲ್ಲೀವರೆಗೆ ಕಷ್ಟಪಟ್ಟಿದ್ದು ಇದೇ ಅಲ್ವಾ?" ಎಂದರು. ಆಮೇಲೆ ಎಲ್ಲರೂ ಎಡಗಾಲಿನ ಚಪ್ಪಲಿಯನ್ನು ಎದುರಿಗೆ ರಾಶಿ ಹಾಕಬೇಕೆಂದರು. ಮಕ್ಕಳು ಕೇಕೆ ಹಾಕುತ್ತಾ ಎಸೆದರು. ನಾನೂ ನನ್ನ ನೀಲಿ ಎಂಸಿಆರ್ ಚಪ್ಪಲಿಯನ್ನು, ಹಿಮ್ಮಡಿಗೆಂದು ಡಾಕ್ಟರು ಹೇಳಿ ಕೊಳ್ಳಿಸಿದ ಆ ಮೆತ್ತನೆಯದನ್ನು, ಒಪ್ಪಿಸಿ ಬಂದೆ. ಇಳಾ ಆ ರಾಶಿಯ ಪಕ್ಕದಲ್ಲಿ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿದರು.

ಅಷ್ಟೇ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. "ಆಂಟಿ, ಎಂತ ಮಾರಾಯ್ರೆ ಇದು? ನಿದ್ರೆಯಾ?" ಎಂದು ಪ್ರತೀಕ್ಷಾ ಪಿಸುಗುಟ್ಟಿದಳು. "ಸುಮ್ನೆ ಕೂತ್ಕೊ. ಇದು ಕಲೆ" ಎಂದು ಗದರಿಸಿದೆ. ನನಗೆ ಅರ್ಥವಾಗಿತ್ತೆಂದಲ್ಲ. ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸಿದಾಗ ನನ್ನ ಕಲಾಭಿಮಾನ ಪೂರ್ತಿ ಇಳಿದುಹೋಯಿತು. ಮೆಲ್ಲನೆ ಜಾರಿಕೊಳ್ಳೋಣವೆಂದರೆ ಒಂದೇ ಚಪ್ಪಲಿ. ಒಂದೇ ಚಪ್ಪಲಿಯಲ್ಲಿ ಸುರತ್ಕಲ್ಲಿಗೆ ಹೋದವಳು ಮನೆಯ ಗೇಟಿನಲ್ಲಿ ಕುಂಟದೆ ಇನ್ನೇನು ಮಾಡುತ್ತಾಳೆ?

ಎದ್ದು ಹೋದೆ. ರಾಶಿಯ ಬಳಿ ಕುಕ್ಕರಗಾಲಲ್ಲಿ ಕೂತು ನೀಲಿ ಬಣ್ಣ ಹುಡುಕಿದೆ. ಸಿಗಲಿಲ್ಲ. ಸಭಾಂಗಣವೆಲ್ಲ ನನ್ನನ್ನೇ ನೋಡುತ್ತಿತ್ತು, ಪ್ರತೀಕ್ಷಾಳಂತೂ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಉಪದೇಶದ ಆಂಟಿ ಉಪನ್ಯಾಸ ಬಿಟ್ಟು ಓಡುತ್ತಿದ್ದಾಳೆಂದು ಇನ್ನು ಹತ್ತು ನಿಮಿಷದಲ್ಲಿ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ. ಗಾಬರಿಯಲ್ಲಿ ಕೈ ತನ್ನ ಹಳೆಯ ಕೆಲಸಕ್ಕೆ ಹೋಯಿತು. ಇಳಾ ಅವರ ಮಣಿಕಟ್ಟು ಹಿಡಿದು ನಾಡಿ ಎಣಿಸತೊಡಗಿದೆ.

"ಏನು ಹುಡುಕ್ತಿದೀರಿ?" ಎಂದು ಇಳಾ ಕಣ್ಣು ತೆರೆಯದೆ, ತುಟಿ ಅಲ್ಲಾಡಿಸದೆ ಕೇಳಿದರು.

"ಚಪ್ಪಲಿ. ನೀಲಿಯದ್ದು. ನಂಗೆ ಬಸ್ಸು ಉಂಟು."

"ಅಯ್ಯೋ, ಅದು ನನ್ನ ತಲೆ ಕೆಳಗಿದೆ. ಇದ್ದಿದ್ದರಲ್ಲಿ ಅದೊಂದೇ ಮೆತ್ತಗಿತ್ತು."

ನಗರದ ಅರ್ಧ ಬಸ್ ಸ್ಟಾಪುಗಳನ್ನು ತುಳಿದ ಚಪ್ಪಲಿ! ಕಾಲು ತಗುಲಿದರೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನಾಚಿಕೆಯಿಂದ ಬೆವರಿದೆ. ಒಂದು ಅಂಗೈಯನ್ನು ಅವರ ಕತ್ತಿನ ಕೆಳಗೆ ಕೊಟ್ಟು ತಲೆಯನ್ನು ಜೋಪಾನವಾಗಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಚಪ್ಪಲಿಯನ್ನೆಳೆದು ದುಪಟ್ಟಾದೊಳಗೆ ಅಡಗಿಸಿದೆ. ಇಳಾ ತಟ್ಟನೆ ಎದ್ದು ಕೂತರು. "ಯಾರಾದರೂ ಬಂದು ಮುಟ್ಟೋವರೆಗೆ ಮಲಗಿರೋದೇ ನನ್ನ ಉಪನ್ಯಾಸ. ಹಿಂದಿನ ಊರಲ್ಲಿ ಎರಡು ಗಂಟೆ ಯಾರೂ ಬರಲಿಲ್ಲ. ಇಲ್ಲಿ ಇವರು ಬಂದರು" ಎಂದರು. ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ನನ್ನನ್ನು ಅಪ್ಪಿಕೊಂಡು, "ಬದುಕಿಸಿದಿರಿ, ಸೊಂಟ ಬಿದ್ದುಹೋಗಿತ್ತು. ಬೇಗ ಓಡಿ, ಬಸ್ ಹೋಗುತ್ತೆ" ಎಂದು ಕಿವಿಯಲ್ಲಿ ಹೇಳಿದರು.

ಬಸ್ಸು ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು. ಕೂಳೂರು ಸೇತುವೆಯ ಮೇಲೆ ಬಸ್ಸು ಅರ್ಧ ಗಂಟೆ ನಿಂತಾಗ ಹೊಳೆ ನೋಡುತ್ತಾ ಒಬ್ಬಳೇ ನಕ್ಕೆ. ಅಂಥ ನಿರಾಳ ನನಗೆ ಕುವೈಟಿನ ಕೊನೆಯ ಡ್ಯೂಟಿ ಮುಗಿದ ದಿನವೂ ಆಗಿರಲಿಲ್ಲ.

ಪ್ರತಿಕ್ರಿಯೆಯಲ್ಲಿ ಚಪ್ಪಲಿ, ಬಸ್ಸು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ರೈ ಮೇಡಂ ಒಂಬತ್ತು ಅಂಕ ಕೊಟ್ಟು ಕೆಂಪು ಶಾಯಿಯಲ್ಲಿ ಹೀಗೆ ಬರೆದಿದ್ದರು: "ವಿನಯ ಒಳ್ಳೆಯದು. ಆದರೆ ನಡೆದದ್ದನ್ನು ನಡೆದ ಹಾಗೆ ಬರೆಯುವುದು ಪತ್ರಿಕೋದ್ಯಮದ ಮೊದಲ ಪಾಠ."

ಅಷ್ಟಕ್ಕೇ ಮುಗಿಯಲಿಲ್ಲ. ಅತಿಥಿಗಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಹತ್ತಿರವಿರಲೆಂದು ಎಲ್ಲ ಉಪನ್ಯಾಸಕ್ಕೂ ಈಗ ನನ್ನನ್ನು ಮೊದಲ ಸಾಲಿನ ನಡುವೆ ಕೂರಿಸುತ್ತಾರೆ. ಕಳೆದ ವಾರ ಬಂದ ನಿವೃತ್ತ ಅಧಿಕಾರಿ ಗಟ್ಟಿಮುಟ್ಟಾದ ಆಳು, ಐದೂವರೆಯವರೆಗೆ ಮಾತಾಡಿದರು. ಸುರತ್ಕಲ್ಲಿನವರೆಗೂ ನಿಂತು ಬಂದೆ. ಗೇಟಿನಿಂದ ಬಾಗಿಲಿಗೆ ಹದಿನೈದು ಹೆಜ್ಜೆ. ಹಲ್ಲು ಕಚ್ಚಿ, ನಗುಮುಖ ಮಾಡಿ, ಒಂದಿಷ್ಟೂ ಕುಂಟದೆ ನಡೆದೆ. ಇಳಾ ಅವರ ಕಲೆ ನನಗೆ ಅರ್ಥವಾದದ್ದು ಆಗ.

ಒಳಗೆ ಹೋದರೆ ನನ್ನ ಕುರ್ಚಿಯ ಎದುರು ಬಕೆಟಿನಲ್ಲಿ ಬಿಸಿನೀರು ಹಬೆಯಾಡುತ್ತಿತ್ತು. ವಲೇರಿಯನ್ ಪೇಪರಿನಿಂದ ತಲೆ ಎತ್ತದೆ ಕೇಳಿದರು: "ನಾಳೆ ಎಷ್ಟು ಗಂಟೆಗೆ ಕ್ಲಾಸು?"